ಜೀನ್ ಕೆಟ್ಟಿಲ್ಲ, ಆದರೂ ಗಡ್ಡೆ ಬೆಳೆದದ್ದು ಹೇಗೆ?

ಪ್ರಶ್ನೆ: ನನ್ನ ಅಕ್ಕನ ಮಗನಿಗೆ ಮೂರು ವರ್ಷ. ಕಿಡ್ನಿಯಲ್ಲಿ ವಿಲ್ಮ್ಸ್ ಗಡ್ಡೆ (ಮಕ್ಕಳಿಗೆ ಬರುವ ಕಿಡ್ನಿ ಕ್ಯಾನ್ಸರ್) ಇತ್ತು, ಆಪರೇಷನ್ ಆಗಿದೆ. ಗಡ್ಡೆಯ ರಿಪೋರ್ಟಿನಲ್ಲಿ ಐಜಿಎಫ್2 ಜೀನಿನ ಇಂಪ್ರಿಂಟಿಂಗ್ ಹೋಗಿದೆ ಎಂದಿದೆ. ತಾಯಿಯ ಕಡೆಯ ಪ್ರತಿ ಎದ್ದಿದೆ ಎಂದು ಡಾಕ್ಟರ್ ಹೇಳಿದ ದಿನದಿಂದ ಅಕ್ಕ ತನ್ನದೇ ತಪ್ಪು ಅಂತ ಕೊರಗುತ್ತಿದ್ದಾಳೆ. ಏನಿದು? ಇದಕ್ಕೆ ಮೈಕ್ರೋ ಆರ್‌ಎನ್‌ಎ ಚಿಕಿತ್ಸೆ ಇದೆಯಂತೆ, ನಿಜವೇ?

ಉತ್ತರ: ನಿಮ್ಮ ಅಕ್ಕ ತಿಂದದ್ದರಿಂದಲೋ ಮಾಡಿದ್ದರಿಂದಲೋ ಇದು ಆದದ್ದಲ್ಲ. ಇದನ್ನು ಅವರಿಗೆ ಮೊದಲು ಹೇಳಿ. ಮಿಕ್ಕದ್ದು ಆಮೇಲೆ.

ನಮ್ಮ ಬಹುತೇಕ ಜೀನ್‌ಗಳಲ್ಲಿ ತಾಯಿಯಿಂದ ಬಂದ ಪ್ರತಿ, ತಂದೆಯಿಂದ ಬಂದ ಪ್ರತಿ ಎರಡೂ ಕೆಲಸ ಮಾಡುತ್ತವೆ. ನೂರಕ್ಕಿಂತ ತುಸು ಜಾಸ್ತಿ ಜೀನ್‌ಗಳಲ್ಲಿ ಮಾತ್ರ ಒಂದು ಪ್ರತಿ ಸುಮ್ಮನಿರಬೇಕು. ಯಾವುದು ಸುಮ್ಮನಿರಬೇಕು ಎಂಬ ಗುರುತು ಅಂಡಾಣು, ವೀರ್ಯಾಣು ತಯಾರಾಗುವಾಗಲೇ ಬೀಳುತ್ತದೆ. ಇದೇ ಇಂಪ್ರಿಂಟಿಂಗ್. ಗುರುತು ಅಂದರೆ ಡಿಎನ್‌ಎಗೆ ಅಂಟಿಕೊಳ್ಳುವ ಪುಟ್ಟ ಮೀಥೈಲ್ ಗುಂಪು. ಡಿಎನ್‌ಎಯ ಒಂದು ಅಕ್ಷರವೂ ಬದಲಾಗುವುದಿಲ್ಲ.

11ನೇ ಕ್ರೋಮೋಸೋಮಿನಲ್ಲಿ ಐಜಿಎಫ್2 ಮತ್ತು ಎಚ್19 ಎಂಬ ಎರಡು ಜೀನ್‌ಗಳು ಅಕ್ಕಪಕ್ಕ ಇವೆ. ಐಜಿಎಫ್2 ಬೆಳವಣಿಗೆಯ ಹಾರ್ಮೋನಿನಂಥ ಪ್ರೋಟೀನ್ ಕೊಡುತ್ತದೆ. ಎರಡರ ನಡುವೆ ಒಂದು ನಿಯಂತ್ರಣ ಭಾಗ. ತಾಯಿಯ ಪ್ರತಿಯಲ್ಲಿ ಅಲ್ಲಿ ಮೀಥೈಲ್ ಇಲ್ಲ. ಹಾಗಾಗಿ ಸಿಟಿಸಿಎಫ್ ಎಂಬ ಪ್ರೋಟೀನ್ ಅಲ್ಲಿ ಕೂತು ಐಜಿಎಫ್2ಗೆ ಸಿಗಬೇಕಾದ ಪ್ರಚೋದನೆಯನ್ನು ತಡೆಯುತ್ತದೆ. ಅದು ಎಚ್19ರ ಪಾಲಾಗುತ್ತದೆ. ತಂದೆಯ ಪ್ರತಿಯಲ್ಲಿ ಮೀಥೈಲ್ ಇರುವುದರಿಂದ ಸಿಟಿಸಿಎಫ್ ಕೂರಲಾರದು, ಅಲ್ಲಿ ಐಜಿಎಫ್2 ನಡೆಯುತ್ತದೆ, ಎಚ್19 ಸುಮ್ಮನಿರುತ್ತದೆ. ನಿಮ್ಮ ಅಕ್ಕನ ಮಗನ ಗಡ್ಡೆಯಲ್ಲಿ ತಾಯಿಯ ಪ್ರತಿಗೂ ಮೀಥೈಲ್ ಬಿದ್ದಿರಬೇಕು. ಈಗ ಎರಡೂ ಕಡೆ ಐಜಿಎಫ್2 ಚಾಲೂ, ಎಚ್19 ಸುಮ್ಮನೆ. ವಿಲ್ಮ್ಸ್ ಗಡ್ಡೆಯಲ್ಲಿ ಹೀಗಾಗುವುದು 1993ರಲ್ಲೇ ಕಂಡುಬಂದಿತ್ತು.

ಮೈಕ್ರೋ ಆರ್‌ಎನ್‌ಎ ಬರುವುದು ಇಲ್ಲೇ. ಇವು 22 ಅಕ್ಷರಗಳ ಆಸುಪಾಸಿನ ಆರ್‌ಎನ್‌ಎ ತುಣುಕುಗಳು. ಬೇರೆ ಜೀನ್‌ಗಳ ಸಂದೇಶಕ್ಕೆ ಅಂಟಿ, ಅದರಿಂದ ಪ್ರೋಟೀನ್ ಆಗದಂತೆ ತಡೆಯುತ್ತವೆ. ಎಚ್19 ಸ್ವತಃ ಪ್ರೋಟೀನ್ ಕೊಡುವುದಿಲ್ಲ, ಆದರೆ ಅದರೊಳಗೆ ಮಿರ್-675 ಎಂಬ ಮೈಕ್ರೋ ಆರ್‌ಎನ್‌ಎ ಅಡಗಿದೆ. ಇಲಿಗಳ ಮಾಸುವಿನಲ್ಲಿ ಅದು ಐಜಿಎಫ್1ಆರ್ ಎಂಬ ಗ್ರಾಹಕವನ್ನು (ಕೋಶದ ಮೇಲಿದ್ದು ಬೆಳವಣಿಗೆಯ ಸೂಚನೆ ಹಿಡಿಯುವ ಪ್ರೋಟೀನ್) ತಗ್ಗಿಸುತ್ತದೆ. ಐಜಿಎಫ್2 ಕೆಲಸ ಮಾಡುವುದೂ ಅದೇ ಗ್ರಾಹಕದ ಮೂಲಕ. ಅಂದರೆ ಒಂದೇ ಗುರುತು ತಪ್ಪಿದರೆ ಆಕ್ಸಿಲರೇಟರ್ ಒತ್ತಿದಂತೆಯೂ ಆಯಿತು, ಬ್ರೇಕ್ ಸಡಿಲವಾದಂತೆಯೂ ಆಗಬಹುದು.

ಹಾಗಂತ ಮಿರ್-675 ಒಳ್ಳೆಯದು ಎಂದು ಷರಾ ಬರೆಯಲು ಆಗುವುದಿಲ್ಲ. ದೊಡ್ಡಕರುಳಿನ ಕ್ಯಾನ್ಸರಿನಲ್ಲಿ ಅದೇ ತುಣುಕು ಜಾಸ್ತಿಯಾಗಿ, ಕೋಶ ವಿಭಜನೆಗೆ ಕಡಿವಾಣ ಹಾಕುವ ಆರ್‌ಬಿ ಪ್ರೋಟೀನನ್ನೇ ಅಡಗಿಸುತ್ತದೆ. ಮೈಕ್ರೋ ಆರ್‌ಎನ್‌ಎ ಕ್ಯಾನ್ಸರ್ ತಡೆಯುತ್ತದೆ ಎಂಬ ತಲೆಬರಹ ಕಂಡಾಗ ಯಾವ ತುಣುಕು, ಯಾವ ಅಂಗ ಎಂದು ಕೇಳಬೇಕಾದದ್ದು ಅದಕ್ಕೇ.

ನೀವು ಡಾಕ್ಟರನ್ನು ಕೇಳಬೇಕಾದ ಪ್ರಶ್ನೆ ಒಂದಿದೆ: ಈ ಬದಲಾವಣೆ ಗಡ್ಡೆಯಲ್ಲಿ ಮಾತ್ರವೋ, ರಕ್ತದಲ್ಲೂ ಇದೆಯೋ? ರಕ್ತದಲ್ಲೂ ಇದ್ದರೆ ಬೆಕ್‌ವಿತ್-ವೀಡೆಮನ್ ಸಿಂಡ್ರೋಮ್ ಇರಬಹುದು. ಹುಟ್ಟುವಾಗಲೇ ತೂಕ ಜಾಸ್ತಿ, ದೊಡ್ಡ ನಾಲಿಗೆ, ದೇಹದ ಒಂದು ಬದಿ ಇನ್ನೊಂದಕ್ಕಿಂತ ದೊಡ್ಡದು, ಇವೆಲ್ಲ ಅದರ ಸುಳಿವುಗಳು. ಗಡ್ಡೆ ಬೆಳೆದರೆ ಬೇಗ ಗೊತ್ತಾಗಲೆಂದು ಅಂಥ ಮಕ್ಕಳಿಗೆ ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ಹೊಟ್ಟೆಯ ಅಲ್ಟ್ರಾಸೌಂಡ್ ಮಾಡುತ್ತಾರೆ. ರಕ್ತದಲ್ಲಿ ಇಲ್ಲದಿದ್ದರೆ ಅದು ಮಗು ಗರ್ಭದಲ್ಲಿ ಬೆಳೆಯುವಾಗಲೋ ಆಮೇಲೋ ಕೆಲವು ಕೋಶಗಳಲ್ಲಿ ಮಾತ್ರ ಆದ ಎಡವಟ್ಟು ಇರಬಹುದು. ಕೆಲವೇ ಕುಟುಂಬಗಳಲ್ಲಿ ಆ ನಿಯಂತ್ರಣ ಭಾಗದ ಡಿಎನ್‌ಎಯಲ್ಲೇ ಒಂದು ತುಂಡು ಇಲ್ಲದೆ, ಅದು ತಾಯಿಯಿಂದ ಬಂದಿರುತ್ತದೆ. ಅದನ್ನೂ ಯಾರೂ ಬೇಕೆಂದು ಕೊಟ್ಟದ್ದಲ್ಲ, ಅಲ್ವಾ? ಇನ್ನೊಂದು ಮಗುವಿನ ಯೋಚನೆಯಿದ್ದರೆ ಜೆನೆಟಿಕ್ ಕೌನ್ಸೆಲರ್ ಹತ್ತಿರ ಮಾತಾಡಲಿ.

ಚಿಕಿತ್ಸೆಯ ವಿಷಯ. ಮಿರ್-34ಎ ಎಂಬ ಇನ್ನೊಂದು ಮೈಕ್ರೋ ಆರ್‌ಎನ್‌ಎಯನ್ನು ಹೋಲುವ ಔಷಧವನ್ನು ಕ್ಯಾನ್ಸರ್ ರೋಗಿಗಳಿಗೆ ಕೊಟ್ಟು ನೋಡಿದರು. ರೋಗನಿರೋಧಕ ವ್ಯವಸ್ಥೆಯ ಮೇಲೆ ಗಂಭೀರ ಅಡ್ಡಪರಿಣಾಮ ಆಗಿ 2016ರಲ್ಲಿ ಆ ಪ್ರಯೋಗ ನಿಂತಿತು. ವಿಲ್ಮ್ಸ್ ಗಡ್ಡೆಗೆ ಇವತ್ತಿಗೂ ಆಪರೇಷನ್, ಕೀಮೋ, ಬೇಕಾದರೆ ರೇಡಿಯೇಷನ್, ಇಷ್ಟೇ. ಹೆಚ್ಚಿನ ಮಕ್ಕಳು ಇದರಲ್ಲೇ ಗುಣವಾಗುತ್ತಾರೆ. ಮೈಕ್ರೋ ಆರ್‌ಎನ್‌ಎ ಕ್ಯಾಪ್ಸೂಲ್ ಅಂತ ಯಾರಾದರೂ ಮಾರಲು ಬಂದರೆ ಕೊಳ್ಳಬೇಡಿ.