ಗುಂಡಿನ ಮಳೆಯಲ್ಲಿ ಓಡಾಡುವುದು ಧೈರ್ಯವೋ, ದುಡುಕೋ?

ಪ್ರಶ್ನೆ: ನನ್ನ ಮೊಮ್ಮಗ ಸೇನಾ ನೇಮಕಾತಿ ರ‍್ಯಾಲಿಗೆಂದು ದಿನವೂ ನಸುಕಿನಲ್ಲಿ ಎದ್ದು 1.6 ಕಿಲೋಮೀಟರ್ ಓಟದ ಅಭ್ಯಾಸ ಮಾಡುತ್ತಿದ್ದಾನೆ. ಗುಂಡಿಗೆ ಎದೆಯೊಡ್ಡಿ ಎಲ್ಲರಿಗಿಂತ ಮುಂದೆ ನುಗ್ಗುವವನೇ ನಾಯಕ ಎಂಬುದು ಅವನ ವಾದ. ಕಂದಕದಲ್ಲಿದ್ದು ಆಜ್ಞೆ ಕೊಡಬೇಕಾದ ಅಧಿಕಾರಿ ಬಯಲಿಗೆ ಬಂದು ಓಡಾಡುವುದು ಧೈರ್ಯವೋ, ದುಡುಕೋ? ಅವನೇ ಬಿದ್ದರೆ ಉಳಿದವರಿಗೆ ಗತಿ ಯಾರು?
– ನಿವೃತ್ತ ಶಿಕ್ಷಕರು, ಮಧುಗಿರಿ

ಉತ್ತರ: ಕಾರಣವಿಲ್ಲದೆ ಬಯಲಿಗೆ ಬಂದರೆ ಅದು ದುಡುಕೇ ಸರಿ. ಆದ್ದರಿಂದ ಅಧಿಕಾರಿ ಹೊರಗೆ ಬಂದನೇ ಎಂಬುದಕ್ಕಿಂತ, ಯಾವ ಕೆಲಸಕ್ಕಾಗಿ ಬಂದ ಎಂಬುದನ್ನು ನೋಡಬೇಕು.

1947ರ ನವೆಂಬರ್ 3ರಂದು ಶ್ರೀನಗರದ ವಿಮಾನ ನಿಲ್ದಾಣಕ್ಕೆ ಹತ್ತಿರದ ಬಡಗಾಮ್‌ನಲ್ಲಿ, 4ನೇ ಕುಮಾಊಂ ಪಡೆಯ ಒಂದು ಕಂಪನಿಯನ್ನು ಅದರ ಏಳು ಪಟ್ಟು ಸಂಖ್ಯೆಯ ದಾಳಿಕೋರರು ಮುತ್ತಿದರು. ಕಂಪನಿಯ ನಾಯಕ ಮೇಜರ್ ಸೋಮನಾಥ ಶರ್ಮಾ ಅವರಿಗೆ ಆಗ 24 ವರ್ಷ. ಹಾಕಿ ಆಡುವಾಗ ಪೆಟ್ಟಾಗಿ ಎಡಗೈಗೆ ಪ್ಲಾಸ್ಟರ್ ಕಟ್ಟಿತ್ತು. ತಮ್ಮ ಕಂಪನಿಯ ಜೊತೆ ಹೋಗಿಯೇ ತೀರುತ್ತೇನೆಂದು ಹಟ ಹಿಡಿದು ಅವರು ಕಾಶ್ಮೀರಕ್ಕೆ ಬಂದಿದ್ದರು. ಆ ದಿನ ಅವರು ಬಯಲಿನಲ್ಲಿ ಓಡಿದ್ದು ಶತ್ರುವಿನ ಕಡೆಗಲ್ಲ, ತಮ್ಮದೇ ತುಕಡಿಗಳ ಕಡೆಗೆ. ಮೇಲೆ ಬಂದ ನಮ್ಮ ವಿಮಾನಗಳಿಗೆ ಗುರಿ ಗೊತ್ತಾಗಲೆಂದು, ಗುಂಡುಗಳು ಹಾರುತ್ತಿರುವಾಗಲೇ ನೆಲದ ಮೇಲೆ ಗುರುತಿನ ಬಟ್ಟೆಗಳನ್ನು ಹಾಸಿದರು. ಜನ ಬಿದ್ದು ಲಘು ಮೆಷಿನ್‌ಗನ್‌ಗಳ ಸದ್ದು ತಗ್ಗಿದಾಗ, ಪ್ಲಾಸ್ಟರ್ ಕಟ್ಟಿದ ಕೈಯಲ್ಲೇ ಮ್ಯಾಗಝೀನ್‌ಗಳಿಗೆ ಗುಂಡು ತುಂಬಿ ಗನ್ ಹಿಡಿದವರಿಗೆ ಒದಗಿಸುತ್ತ ಕುಳಿತರು.

ಈ ಕೊನೆಯ ಸಂಗತಿಯನ್ನು ನಿಮ್ಮ ಮೊಮ್ಮಗನಿಗೆ ಬಿಡಿಸಿ ಹೇಳಬೇಕು. ಆ ಕಾಲದ ಲಘು ಮೆಷಿನ್‌ಗನ್ ಆದ ಬ್ರೆನ್ ಗನ್ನಿನ ಮ್ಯಾಗಝೀನ್‌ಗೆ ಹಿಡಿಸುತ್ತಿದ್ದುದು 30 ಗುಂಡು. ಬಿಡದೆ ಹೊಡೆದರೆ ಕೆಲವೇ ಸೆಕೆಂಡುಗಳಲ್ಲಿ ಬರಿದಾಗುತ್ತದೆ. ಪಕ್ಕದಲ್ಲಿ ತುಂಬಿಕೊಡುವವನು ಸತ್ತರೆ ಹೊಡೆಯುವವನೇ ನಿಲ್ಲಿಸಿ ತುಂಬಿಕೊಳ್ಳಬೇಕು, ಮತ್ತು ಆ ವಿರಾಮದಲ್ಲೇ ಶತ್ರು ಮುಂದೊತ್ತಿ ಬರುತ್ತಾನೆ. ಮೇಜರ್ ದರ್ಜೆಯ ಅಧಿಕಾರಿ ಸಾಮಾನ್ಯ ಸಿಪಾಯಿಯ ಕೆಲಸಕ್ಕೆ ಕೈ ಹಾಕಿದರೆಂದು ಜನ ಮೆಚ್ಚಿ ಮಾತನಾಡುವುದುಂಟು. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು, ಆ ಗದ್ದಲದಲ್ಲಿಯೂ ಕಂಪನಿ ಎಲ್ಲಿ ಸಡಿಲವಾಗುತ್ತಿದೆ ಎಂದು ಅವರ ಕಣ್ಣು ಗುರುತಿಸಿತು ಎಂಬುದು.

ಅವರೇ ಬಿದ್ದರೆ ಗತಿಯೇನು ಎಂದು ಕೇಳಿದ್ದೀರಿ. ಅವರು ಬಿದ್ದೇಬಿಟ್ಟರು. ಪಕ್ಕದ ಮದ್ದುಗುಂಡಿನ ನಡುವೆ ಮೋರ್ಟಾರ್ ಷೆಲ್ ಸಿಡಿದು ಪ್ರಾಣ ಹೋಯಿತು. ಉಳಿದವರು ಮಾತ್ರ ಕದಲದೆ ಕಾದಾಡಿದರು, ಶತ್ರುವನ್ನು ಆರು ಗಂಟೆ ತಡೆದು ನಿಲ್ಲಿಸಿದರು, ಅಷ್ಟರಲ್ಲಿ ವಿಮಾನ ನಿಲ್ದಾಣದ ಬಳಿಯ ಹುಮಹಮಾದಲ್ಲಿ ನಮ್ಮ ಹೆಚ್ಚುವರಿ ಪಡೆ ನೆಲೆಯೂರಿತು. ನಾಯಕ ಬಿದ್ದರೆ ಮುಂದಿನವನು ಯಾರೆಂದು ಸುಬೇದಾರ್, ಹವಾಲ್ದಾರ್, ನಾಯಕ್‌ವರೆಗೆ ಸೇನೆಯಲ್ಲಿ ಮೊದಲೇ ಗೊತ್ತಿರುತ್ತದೆ. ಆದರೆ ಆ ಏರ್ಪಾಡು ಕೆಲಸ ಮಾಡಬೇಕಾದರೆ, ಬಿದ್ದವನು ಅದುವರೆಗೆ ಹೇಗೆ ನಡೆದುಕೊಂಡಿದ್ದ ಎಂಬುದೂ ಮುಖ್ಯವಾಗುತ್ತದೆ.

1962ರ ನವೆಂಬರ್ 18ರಂದು ಲಡಾಖ್‌ನ ರೆಜಾಂಗ್ ಲಾದಲ್ಲಿ 13ನೇ ಕುಮಾಊಂನ ಮೇಜರ್ ಶೈತಾನ್ ಸಿಂಗ್ ಅವರೂ ಒಂದು ಪ್ಲಟೂನ್‌ನಿಂದ ಇನ್ನೊಂದಕ್ಕೆ ಹೀಗೆಯೇ ಓಡಾಡಿದರು. ನಿಮ್ಮೂರಿನ ಬೆಟ್ಟದ ನಾಲ್ಕು ಪಟ್ಟು ಎತ್ತರದ ಜಾಗವದು. ನಡುವೆ ಗುಡ್ಡ ಅಡ್ಡ ಬಂದು ನಮ್ಮ ಫಿರಂಗಿಗಳ ನೆರವೂ ಸಿಗಲಿಲ್ಲ. ಗಾಯಗೊಂಡ ತಮ್ಮನ್ನು ಹೊತ್ತೊಯ್ಯಲು ಬಂದವರಿಗೆ ಬಿಟ್ಟು ಹೋಗಿರೆಂದು ಅವರು ಆಜ್ಞಾಪಿಸಿದರು. 120ರಷ್ಟು ಜನರಲ್ಲಿ ನೂರಕ್ಕೂ ಹೆಚ್ಚು ಮಂದಿ ಅಲ್ಲಿಯೇ ಮಡಿದರು.

ಮೊಮ್ಮಗ ಓಟದ ಅಭ್ಯಾಸ ಬಿಡುವುದು ಬೇಡ. ಇಬ್ಬರು ಮೇಜರ್‌ಗಳಿಗೂ ಕಾಲು ಬೇಕಾಗಿತ್ತು.

ಪ್ರಶ್ನೆ: ಪರಮವೀರ ಚಕ್ರ ಸ್ಥಾಪನೆಯಾದದ್ದು 1950ರಲ್ಲಿ. ಹಾಗಾದರೆ 1947ರ ಶೌರ್ಯಕ್ಕೆ ಅದು ಸಂದದ್ದು ಹೇಗೆ?
– ಓದುಗರು, ಚಿಂತಾಮಣಿ

ಉತ್ತರ: 1950ರ ಜನವರಿ 26ರಂದು ಸ್ಥಾಪನೆಯಾದರೂ 1947ರ ಆಗಸ್ಟ್ 15ರಿಂದಲೇ ಅನ್ವಯವಾಗುವಂತೆ ಮಾಡಲಾಯಿತು. ಮೊದಲನೆಯದು ಸೋಮನಾಥ ಶರ್ಮಾ ಅವರಿಗೇ ಮರಣೋತ್ತರವಾಗಿ ಸಂದಿತು. ಈವರೆಗೆ ಪಡೆದ 21 ಮಂದಿಯಲ್ಲಿ 14 ಮಂದಿಗೆ ಅದು ಮರಣೋತ್ತರ. ಪದಕದ ವಿನ್ಯಾಸ ಮಾಡಿದವರು ಸಾವಿತ್ರಿ ಖಾನೋಲ್ಕರ್. ಅವರ ಮಗಳು ಮದುವೆಯಾದದ್ದು ಸೋಮನಾಥ ಶರ್ಮಾ ಅವರ ತಮ್ಮನನ್ನು.