ಹೊಟ್ಟೆನೋವಿಗೆ ಯಾಕೆ ಇಷ್ಟು ರಕ್ತದ ಟೆಸ್ಟು?

ಪ್ರಶ್ನೆ: ಡಾಕ್ಟ್ರೇ ನಮಸ್ಕಾರ. ನಮ್ಮ ಅಕ್ಕಂಗೆ 36 ವರ್ಷ, ಬಿಪಿ ಶುಗರ್ ಏನೂ ಇಲ್ಲ. ಮೂರು ವಾರ ಹೊಟ್ಟೆನೋವು ಅಂತಿದ್ಲು, ಗ್ಯಾಸ್ಟ್ರಿಕ್ ಇರಬೇಕು ಅಂತ ಜೀರಿಗೆ ಕಷಾಯ ಮಾತ್ರೆ ಎಲ್ಲಾ ಆಯ್ತು, ಕೊನೆಗೆ ಸ್ಕ್ಯಾನ್ ಮಾಡಿಸಿದ್ರೆ ಪೋರ್ಟಲ್ ವೇನ್‌ನಲ್ಲಿ (ಕರುಳಿನಿಂದ ಲಿವರ್‌ಗೆ ರಕ್ತ ಒಯ್ಯೋ ನಾಳ) ರಕ್ತ ಹೆಪ್ಪುಗಟ್ಟಿದೆ, ಲಿವರ್ ಚೆನ್ನಾಗಿದೆ, ಗುಲ್ಮ (ಸ್ಪ್ಲೀನ್) ದೊಡ್ಡದಾಗಿ 16 ಸೆಂ.ಮೀ. ಆಗಿದೆ ಅಂತ ಬಂತು. ರಕ್ತ ಹೆಪ್ಪುಗಟ್ಟದ ಹಾಗೆ ತಡೆಯೋ ವಾರ್ಫರಿನ್ ಮಾತ್ರೆ ಶುರು ಮಾಡಿದಾರೆ. ಈಗ ಜಾಕ್2 ಅಂತ ಇನ್ನೊಂದು ಟೆಸ್ಟ್ ಬರೆದಿದಾರೆ. ಹಿಮೋಗ್ಲೋಬಿನ್ 13, ಪ್ಲೇಟ್‌ಲೆಟ್ 3.9 ಲಕ್ಷ, ಎಲ್ಲಾ ನಾರ್ಮಲ್ ಇರುವಾಗ ಇದು ಬೇಕಾ, ಸುಮ್ನೆ ದುಡ್ಡು ಕೀಳೋಕಾ? ಬ್ಲಡ್ ಕ್ಯಾನ್ಸರ್ ಅಂತ ಅನುಮಾನನಾ? ಸೊಪ್ಪು ತಿನ್ನಬಾರದಂತೆ, ಹೌದಾ?
– ಒಬ್ಬ ಓದುಗರು, ದಾವಣಗೆರೆ

ಉತ್ತರ: ಟೆಸ್ಟ್ ಮಾಡಿಸಿ, ಈ ಸಲ ದುಡ್ಡು ಕೀಳೋ ಮಾತಲ್ಲ. ನೀವು ನಾರ್ಮಲ್ ಅಂತಿರೋ ಆ 3.9 ಲಕ್ಷನೇ ನನಗೆ ಅನುಮಾನ ತರಿಸ್ತಿದೆ. ಪೋರ್ಟಲ್ ವೇನ್ ಮುಚ್ಚಿಕೊಂಡ್ರೆ ರಕ್ತ ಹಿಂದಕ್ಕೆ ಒತ್ತಿ ಗುಲ್ಮ ಊದುತ್ತೆ, ಊದಿದ ಗುಲ್ಮ ಪ್ಲೇಟ್‌ಲೆಟ್‌ಗಳನ್ನ ತನ್ನೊಳಗೇ ಹಿಡಿದಿಟ್ಕೊಳ್ಳುತ್ತೆ, ಹಾಗಾಗಿ ಲೆಕ್ಕ ಒಂದು ಲಕ್ಷದ ಆಸುಪಾಸಿಗೆ ಇಳಿದಿದ್ರೂ ಆಶ್ಚರ್ಯ ಇರ್ತಿರಲಿಲ್ಲ. ಇಳಿದಿಲ್ಲ ಅಂದ್ರೆ ಮೂಳೆಮಜ್ಜೆ ಹೆಚ್ಚಾಗಿ ಉತ್ಪಾದನೆ ಮಾಡ್ತಿರಬಹುದು, ಗುಲ್ಮ ಅದನ್ನ ಮುಚ್ಚಿಡ್ತಿದೆ.

ಹೀಗೆ ಮಜ್ಜೆ ಮಿತಿಮೀರಿ ರಕ್ತಕಣ ಮಾಡೋ ಕಾಯಿಲೆಗಳಿಗೆ ಎಂಪಿಎನ್ ಅಂತಾರೆ. ಸಿರೋಸಿಸ್ (ಲಿವರ್ ಗಟ್ಟಿಯಾಗೋ ಕಾಯಿಲೆ), ಲಿವರ್ ಭಾಗದ ಕ್ಯಾನ್ಸರ್ ಎರಡೂ ಇಲ್ಲದೆ ಪೋರ್ಟಲ್ ವೇನ್ ಮುಚ್ಚಿದವರಲ್ಲಿ, ಹೊರದೇಶದ ಅಧ್ಯಯನಗಳನ್ನ ಒಟ್ಟು ಹಾಕಿ ನೋಡಿದ್ರೆ, 100ಕ್ಕೆ ಸುಮಾರು 30 ಜನಕ್ಕೆ ಇದೇ ಮೂಲ. ಎಷ್ಟೋ ಜನಕ್ಕೆ ಹೊಟ್ಟೆಯ ಈ ಹೆಪ್ಪೇ ಮೊದಲ ಸುಳಿವು. 2005ರಲ್ಲಿ ಜಾಕ್2 ಜೀನ್‌ನ ಬದಲಾವಣೆ ಪತ್ತೆ ಆದ್ಮೇಲೆ ಹುಡುಕೋದು ಸುಲಭ ಆಯ್ತು, ಕೈಯಿಂದ ಒಂದು ಟ್ಯೂಬ್ ರಕ್ತ ಸಾಕು. ಅದು ನೆಗೆಟಿವ್ ಬಂದ್ರೆ ಅಲ್ಲಿಗೆ ಮುಗೀತು ಅಂತಲ್ಲ, ಕ್ಯಾಲ್‌ಆರ್ (ಇದೇ ಥರದ ಇನ್ನೊಂದು ಜೀನ್ ಟೆಸ್ಟ್), ಪಿಎನ್‌ಎಚ್ (ಹೆಪ್ಪುಗಟ್ಟಿಸೋ ಇನ್ನೊಂದು ರಕ್ತದ ಕಾಯಿಲೆ) ಟೆಸ್ಟ್, ಬೇಕಾದ್ರೆ ಮಜ್ಜೆ ಪರೀಕ್ಷೆ. ರಕ್ತ ಹೆಪ್ಪುಗಟ್ಟೋದನ್ನ ತಡೆಯೋ ಪ್ರೋಟೀನ್ ಸಿ, ಎಸ್‌ಗಳ ಟೆಸ್ಟ್ ಮಾತ್ರ ವಾರ್ಫರಿನ್ ತಗೊಳ್ಳುವಾಗ ಮಾಡಿಸಿದ್ರೆ ಸುಳ್ಳೇ ಕಮ್ಮಿ ತೋರಿಸುತ್ತೆ. ಅಕ್ಕ ಗರ್ಭನಿರೋಧಕ ಮಾತ್ರೆ ತಗೊಳ್ತಿದ್ರೆ ಅದನ್ನೂ ಡಾಕ್ಟರಿಗೆ ಹೇಳಿ, ಆದ್ರೆ ಕಾರಣ ಸಿಕ್ತಲ್ಲ ಅಂತ ಹುಡುಕೋದು ನಿಲ್ಲಿಸಬೇಡಿ, ಎರಡೂ ಒಟ್ಟಿಗೇ ಇರಬಹುದು. ಬಿಸಿನೀರಿನ ಸ್ನಾನ ಆದ್ಮೇಲೆ ಮೈಯೆಲ್ಲಾ ತುರಿಸುತ್ತಾ ಅಂತಲೂ ಕೇಳಿ ನೋಡಿ, ಅದೂ ಎಂಪಿಎನ್‌ನ ಒಂದು ಸುಳಿವು.

ಬ್ಲಡ್ ಕ್ಯಾನ್ಸರಾ ಅಂದ್ರೆ, ಎಂಪಿಎನ್ ಆಗಿದ್ರೆ ಪುಸ್ತಕದ ಲೆಕ್ಕದಲ್ಲಿ ಹೌದು, ಮುಚ್ಚಿಡಲ್ಲ. ಆದ್ರೆ ನೀವು ಹೆದರ್ತಿರೋ ಲ್ಯುಕೇಮಿಯಾ ಥರ ಅಲ್ಲ, ಬಹಳ ಜನರಲ್ಲಿ ನಿಧಾನವಾಗಿ ಸಾಗುತ್ತೆ, ಮಾತ್ರೆ ತಗೊಂಡು ಹತ್ತಾರು ವರ್ಷ ಆರಾಮಾಗಿ ಇರೋರಿದಾರೆ.

ಸೊಪ್ಪು ಬಿಡೋದು ಬೇಡ. ಒಂದು ವಾರ ದಿನಾ ಬಸ್ಸಾರು, ಮುಂದಿನ ವಾರ ಸೊಪ್ಪಿನ ಸುದ್ದಿನೇ ಇಲ್ಲ ಅಂತಾದ್ರೆ ಐಎನ್‌ಆರ್ (ವಾರ್ಫರಿನ್ ಎಷ್ಟು ಕೆಲಸ ಮಾಡ್ತಿದೆ ಅಂತ ತೋರಿಸೋ ರಕ್ತದ ಟೆಸ್ಟ್) ಏರುಪೇರಾಗುತ್ತೆ, ಯಾವಾಗ್ಲೂ ತಿನ್ನೋಷ್ಟೇ ತಿನ್ನಲಿ. ಮಲ ಟಾರಿನ ಥರ ಕಪ್ಪಗೆ ಹೋದ್ರೆ, ರಕ್ತ ವಾಂತಿ ಆದ್ರೆ ಒಳಗೆ ರಕ್ತ ಸೋರ್ತಿದೆ ಅಂತ, ಬೆಳಗಾಗ್ಲಿ ಅಂತ ಕಾಯಬೇಡಿ, ಆಗಲೇ ಆಸ್ಪತ್ರೆಗೆ ಕರ್ಕೊಂಡು ಹೋಗಿ.