ಹಾಕಿ ಮ್ಯಾಚ್ ನೋಡುತ್ತಾ ಸೇದಿದ ಸಿಗಾರಿಗೆ ಅಂಕ ಕೊಡುವುದು ಹೇಗೆ?

ನಿಮ್ಮ ಪ್ರಶ್ನೆ ಇಷ್ಟು: ಟೊರಾಂಟೊದಲ್ಲಿ ಮನೆ, ಶನಿವಾರ ರಾತ್ರಿ ಗ್ಯಾರೇಜಿನಲ್ಲಿ ಟಿವಿ ಇಟ್ಟುಕೊಂಡು ಉತ್ತರ ಅಮೆರಿಕದ ವೃತ್ತಿಪರ ಲೀಗ್ ಆದ ಎನ್‌ಎಚ್‌ಎಲ್ ಐಸ್ ಹಾಕಿ ನೋಡುತ್ತಾ ಸಿಗಾರ್ ಸೇದುತ್ತೀರಿ. ಒಂದೇ ಡಬ್ಬಿಯ ಸಿಗಾರಿಗೆ ಒಂದು ವಾರ ನೂರಕ್ಕೆ 91 ಅಂಕ, ಮುಂದಿನ ವಾರ 78. ಎಡವಿದ್ದು ಎಲ್ಲಿ, ಮ್ಯಾಚಿಗೆ ಯಾವ ಅಳತೆಯದು ಸರಿ?

ಆ 78ರಲ್ಲಿ ಬಹುಪಾಲು ಮ್ಯಾಚಿನ ಕೈವಾಡ ಅಂತ ನನ್ನ ಅನುಮಾನ. ಆಟ ಬಿಗಿಯಾದಾಗ ಅರಿವಿಲ್ಲದೆ ದಮ್ಮಿನ ಮೇಲೆ ದಮ್ಮು ಎಳೆಯುತ್ತೇವೆ. ಕೆಂಡ ವಿಪರೀತ ಕಾದು ಹೊಗೆಸೊಪ್ಪು ಸೀದ ವಾಸನೆ ಹೊಡೆಯುತ್ತದೆ, ಬಾಯಿ ಕಹಿಯಾಗುತ್ತದೆ, ನಾಲಿಗೆಯ ತುದಿ ಚುರುಗುಟ್ಟುತ್ತದೆ. ಸಿಗಾರಿನ ಕೊನೆಯ ಮೂರನೇ ಭಾಗ ಹೇಗೂ ಬಿಸಿಯಾಗಿ, ಖಾರವಾಗಿ ಇರುತ್ತದೆ. ಅದು ಪಂದ್ಯದ ಮೂರನೇ, ಅಂದರೆ ಕೊನೆಯ, ಪೀರಿಯಡ್ ಜೊತೆ ಸೇರಿಕೊಂಡರೆ ಒಳ್ಳೆಯ ಸಿಗಾರೂ ಫೇಲಾಗುತ್ತದೆ. ಹಾಗಾಗಿ ಅಳತೆ ಆರಿಸುವಾಗ ಈ ಎರಡು ಕೊನೆಗಳು ಒಂದರ ಮೇಲೊಂದು ಬೀಳದಂತೆ ನೋಡಿಕೊಳ್ಳಬೇಕು.

ಲೆಕ್ಕ ಹೀಗೆ. ಪೀರಿಯಡ್ 20 ನಿಮಿಷದ್ದಾದರೂ ಗಡಿಯಾರ ನಿಂತು ನಿಂತು ಓಡುವುದರಿಂದ ಮುಗಿಯಲು 35–40 ನಿಮಿಷ ಬೇಕು. ನಡುವಿನ ವಿರಾಮ 18 ನಿಮಿಷ. ಇಡೀ ಮ್ಯಾಚಿಗೆ ಸುಮಾರು ಎರಡೂವರೆ ಗಂಟೆ. 6 ಇಂಚು ಉದ್ದ, 52 ರಿಂಗ್ ಗೇಜಿನ 'ಟೋರೊ' ಅಳತೆಯ ಸಿಗಾರ್ ಸಾವಧಾನವಾಗಿ ಸೇದಿದರೆ 80–90 ನಿಮಿಷ ಬರುತ್ತದೆ. (ರಿಂಗ್ ಗೇಜ್ ಅಂದರೆ ಇಂಚಿನ 64ನೇ ಭಾಗಗಳಲ್ಲಿ ದಪ್ಪ, 52 ಅಂದರೆ ಹೆಚ್ಚುಕಡಿಮೆ 20.6 ಮಿಲಿಮೀಟರ್.) ರಾಷ್ಟ್ರಗೀತೆ ಮುಗಿದು ಪಕ್ (ಆಟದ ರಬ್ಬರ್ ಬಿಲ್ಲೆ) ಬೀಳುವಷ್ಟರಲ್ಲಿ ಹೊತ್ತಿಸಿದರೆ ಮೊದಲ ಪೀರಿಯಡ್‌ನಲ್ಲಿ ಹೆಚ್ಚುಕಡಿಮೆ ಅರ್ಧದ ಹತ್ತಿರ ಕಳೆಯುತ್ತದೆ, ವಿರಾಮದ ಹೊತ್ತಿಗೆ ನಡುಭಾಗದಲ್ಲಿರುತ್ತೀರಿ, ಎರಡನೇ ಪೀರಿಯಡ್ ಮುಗಿಯುವಾಗ ಸಿಗಾರೂ ಮುಗಿಯುತ್ತದೆ. ಎರಡನೇ ವಿರಾಮದಲ್ಲಿ ಕೂತು ಅಂಕ ಬರೆಯಿರಿ. 5×50 ರೊಬಸ್ಟೊ ಒಂದು ಗಂಟೆಯೊಳಗೆ ಮುಗಿಯುವುದರಿಂದ ಇನ್ನೂ ನಿರಾಳ. ಏಳಿಂಚಿನ ಚರ್ಚಿಲ್ ಮಾತ್ರ ಮ್ಯಾಚ್ ದಿನ ಬೇಡ.

ದಮ್ಮಿನ ವೇಗಕ್ಕೆ ಹಾಕಿಯೇ ಒಂದು ಅಳತೆಗೋಲು ಕೊಟ್ಟಿದೆ. ಆಟಗಾರರು ಸಾಮಾನ್ಯವಾಗಿ 45 ಸೆಕೆಂಡಿನ ಸುಮಾರಿಗೆ ಬೆಂಚಿಗೆ ಮರಳುತ್ತಾರೆ. ನಿಮ್ಮ ತಂಡದ ಲೈನ್ (ಒಟ್ಟಿಗೆ ಆಡುವ ಆಟಗಾರರ ಗುಂಪು) ಬದಲಾದಾಗ ಒಂದು ದಮ್ಮು, ಅಷ್ಟೇ. ಎದುರಾಳಿ ಒಬ್ಬ ದಂಡನೆಗೆ ಹೊರಹೋಗಿರುವ ಎರಡು ನಿಮಿಷದ ಪವರ್‌ಪ್ಲೇ ಪೂರ್ತಿಗೆ ಎರಡೇ ದಮ್ಮು. ಗೋಲಾದ ತಕ್ಷಣ ಎಳೆಯಬೇಡಿ. ಅದೇ ಅತಿ ಕೆಟ್ಟ ಕ್ಷಣ. ಹೊಗೆಯನ್ನು ಬಾಯಲ್ಲೇ ಆಡಿಸಿ ಬಿಡಬೇಕು, ಎದೆಗೆ ಇಳಿಸಬಾರದು. ಇಳಿಸದಿದ್ದರೂ ಬಾಯಿ, ಗಂಟಲಿನ ಕ್ಯಾನ್ಸರಿನ ಅಪಾಯ ಹೋಗುವುದಿಲ್ಲ ಅನ್ನುವುದು ನಿಮಗೆ ಗೊತ್ತಿರಲಿ.

ಇನ್ನು ಚಳಿ. ನಿಮ್ಮ ಊರಿನ ಜನವರಿಯಲ್ಲಿ ಇದೇ ದೊಡ್ಡ ತಲೆನೋವು. 65–69% ತೇವ ಕಾಯುವ ಸಿಗಾರ್ ಪೆಟ್ಟಿಗೆಯಾದ ಹ್ಯೂಮಿಡಾರ್‌ನಿಂದ ತೆಗೆದ ಸಿಗಾರನ್ನು ಮೈನಸ್ 10ರ ಒಣಗಾಳಿಗೆ ಒಡ್ಡಿದರೆ ರ‍್ಯಾಪರ್ (ಸಿಗಾರಿನ ಹೊರಗೆ ಸುತ್ತಿದ ಎಲೆ) ಒಣಗಿ ಬಿಗಿಯಾಗುತ್ತದೆ, ಒಳಗೆ ತುಂಬಿದ ಎಲೆ, ಅಂದರೆ ಫಿಲ್ಲರ್, ಬಿಸಿಗೆ ಉಬ್ಬುತ್ತದೆ, ನಡುವೆ ಬಿರುಕು ಬಿಡುತ್ತದೆ. ತೆಳುವಾದ ಕನೆಕ್ಟಿಕಟ್ ಶೇಡ್ ಎಲೆ ಮೊದಲು ಸೀಳುತ್ತದೆ; ಬ್ರಾಡ್‌ಲೀಫ್ ಮಡೂರೊದಂಥ ದಪ್ಪ ಎಲೆ ತಾಳಿಕೊಳ್ಳುತ್ತದೆ. ಹೀಗೆ ಸೀಳಿದ್ದಕ್ಕೆ ತಯಾರಕರ ಅಂಕ ಕತ್ತರಿಸುವುದು ಅನ್ಯಾಯ. ಹೊತ್ತಿಸುವ ಕ್ಷಣದವರೆಗೂ ಸಿಗಾರ್ ಮನೆಯೊಳಗೇ ಇರಲಿ. ಲೈಟರ್ ಪ್ಯಾಂಟಿನ ಜೇಬಿನಲ್ಲಿರಲಿ: ಬ್ಯೂಟೇನ್ ಮೈನಸ್ ಅರ್ಧ ಡಿಗ್ರಿಗಿಂತ ಕೆಳಗೆ ಅನಿಲವಾಗದೆ ದ್ರವವಾಗಿಯೇ ಉಳಿಯುವುದರಿಂದ ತಣ್ಣಗಾದ ಲೈಟರ್ ಬರೀ ಕಿಡಿ ಹಾರಿಸುತ್ತದೆ, ಜ್ವಾಲೆ ಬರುವುದಿಲ್ಲ. ಗ್ಯಾರೇಜಿನಲ್ಲಿ ಪ್ರೊಪೇನ್ ಹೀಟರ್ ಇಟ್ಟಿದ್ದರೆ ಬಾಗಿಲು ಮುಚ್ಚಿ ಕೂರಲೇಬೇಡಿ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ, ಸಿಗಾರಿನ ಹೊಗೆಯ ನಡುವೆ ತಲೆನೋವು ಬಂದರೂ ಯಾವುದರಿಂದ ಅಂತ ತಿಳಿಯುವುದಿಲ್ಲ.

ಕತ್ತರಿಸುವಾಗ ತಲೆಯ, ಅಂದರೆ ಬಾಯಿಗಿಡುವ ತುದಿಯ, ಟೊಪ್ಪಿಯನ್ನು ಒಂದೂವರೆಯಿಂದ ಎರಡು ಮಿಲಿಮೀಟರ್ ಮಾತ್ರ ತೆಗೆಯಿರಿ. ಟೊಪ್ಪಿ ಅಂಟಿಸಿದ ಗೆರೆ ಕಾಣುತ್ತದೆ, ಅದರ ಕೆಳಗೆ ಬ್ಲೇಡ್ ಇಳಿದರೆ ರ‍್ಯಾಪರ್ ಸುರುಳಿ ಬಿಚ್ಚಿಕೊಳ್ಳುತ್ತದೆ. ಹೊತ್ತಿಸುವ ಮೊದಲು ಒಮ್ಮೆ ಗಾಳಿ ಎಳೆದು ನೋಡಿ. ಕೆನ್ನೆ ಒಳಗೆ ಹೋಗುವಷ್ಟು ಬಿಗಿ ಅನ್ನಿಸಿದರೆ ಇನ್ನು ಅರ್ಧ ಮಿಲಿಮೀಟರ್ ಕತ್ತರಿಸಿ. ಆಗಲೂ ಬಿಗಿಯಿದ್ದರೆ ಒಳಗೆ ಗಂಟಿದೆ ಎಂದರ್ಥ, ಆ ದೋಷ ಸಿಗಾರಿನದೇ. ಆಮೇಲೆ ಬುಡವನ್ನು ಜ್ವಾಲೆಗೆ ತಾಗಿಸದೆ ಸುತ್ತ ತಿರುಗಿಸುತ್ತಾ ಅರ್ಧ ನಿಮಿಷ ಬಾಡಿಸಿ, ಅಂಚು ಪೂರ್ತಿ ಕಪ್ಪಾದ ಮೇಲೆ ಮೊದಲ ದಮ್ಮು ಎಳೆಯಿರಿ. ಪಕ್ ಬಿತ್ತು ಅಂತ ಇಲ್ಲಿ ಅವಸರ ಮಾಡಿದರೆ ಒಂದು ಮಗ್ಗುಲು ಬೇಗ ಉರಿದು ಇನ್ನೊಂದು ಹಿಂದುಳಿಯುತ್ತದೆ, ಇಡೀ ಪೀರಿಯಡ್ ಅದನ್ನು ಸರಿಮಾಡುವುದರಲ್ಲೇ ಹೋಗುತ್ತದೆ. ಹಾಗೇನಾದರೂ ಆದರೆ ಹಿಂದುಳಿದ ಕಡೆಗೆ ಮಾತ್ರ ಜ್ವಾಲೆ ತೋರಿಸಿ. ಒಂದು ಸಲ ತಿದ್ದಿದ್ದಕ್ಕೇ ಸರಿಹೋದರೆ ಅಂಕ ಕಳೆಯಬೇಡಿ. ಮೂರು ಸಲ ತಿದ್ದಿದ ಮೇಲೂ ಓರೆಯಾಗಿ ಉರಿದರೆ ಸುತ್ತಿದ ಕೈಯದೇ ತಪ್ಪು.

ಆಟದಲ್ಲಿ ಮುಳುಗಿ ಸಿಗಾರ್ ಆರಿಹೋಗುವುದು ಮಾಮೂಲು. ಬೂದಿ ಉದುರಿಸಿ, ಒಳಗಿನ ಹಳೇ ಹೊಗೆ ಹೋಗುವಂತೆ ಸಿಗಾರಿನ ಮೂಲಕ ಮೆಲ್ಲಗೆ ಹೊರಕ್ಕೆ ಊದಿ, ಮತ್ತೆ ಬಾಡಿಸಿ ಹೊತ್ತಿಸಿ. ಆಮೇಲಿನ ಎರಡು ಮೂರು ದಮ್ಮಿನ ರುಚಿಯನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಅಂಕಕ್ಕೆ ನಾನು ಹಿಡಿಯುವ ಹಂಚಿಕೆ: ನೋಟ ಮತ್ತು ಕಟ್ಟು 15, ಎಳೆತ 20, ಉರಿ 20, ರುಚಿ 35, ಒಟ್ಟಾರೆ 10. ನೋಟ, ಕಟ್ಟಿನ ಅಂಕವನ್ನು ಹೊತ್ತಿಸುವ ಮೊದಲೇ ಬರೆದು ಮುಗಿಸಿ: ಎಲೆಯ ನರ ಎದ್ದಿದೆಯೇ, ಮೆಲ್ಲಗೆ ಒತ್ತಿದರೆ ಎಲ್ಲಾದರೂ ಮೆತ್ತಗಿದೆಯೇ, ಟೊಪ್ಪಿ ನೀಟಾಗಿದೆಯೇ. ಉಳಿದಿದ್ದನ್ನು ಆಟ ನಡೆಯುವಾಗ ಬರೆಯಬೇಡಿ. ಪ್ರತಿ ಪೀರಿಯಡ್‌ನಲ್ಲಿ ಇಳಿಯುತ್ತಾ ಬರುವ ಗಡಿಯಾರ 14, 10, 6 ನಿಮಿಷ ದಾಟಿದ ಮೇಲಿನ ಮೊದಲ ಸೀಟಿಗೆ ಸಾಮಾನ್ಯವಾಗಿ ಟಿವಿ ಜಾಹೀರಾತಿನ ಬಿಡುವು ಬರುತ್ತದೆ. ಆಗ ಟಿವಿಯಿಂದ ಕಣ್ಣು ತೆಗೆದು ಒಂದು ದಮ್ಮು ಗಮನವಿಟ್ಟು ಎಳೆದು, ಸ್ವಲ್ಪ ಹೊಗೆಯನ್ನು ಮೂಗಿನಿಂದ ಬಿಟ್ಟು, ಎರಡು ಮೂರು ಪದ ಗೀಚಿ. ವಿಮರ್ಶಕರ ಪದಗಳನ್ನು ಎರವಲು ತರುವುದು ಬೇಡ. ಹುರಿದ ಕಡಲೆಬೀಜ, ಕಾಳುಮೆಣಸು, ಡಿಕಾಕ್ಷನ್ ಗಸಿ, ಹೊಸ ಚಪ್ಪಲಿಯ ತೊಗಲು, ಒಣಹುಲ್ಲು ಅಂತ ಮೂಗಿಗೆ ಪರಿಚಯವಿರುವುದನ್ನೇ ಬರೆದರೆ ಮುಂದಿನ ವಾರ ಹೋಲಿಸಲು ಬರುತ್ತದೆ. ಪಕ್ಕದಲ್ಲಿ ಸ್ಕೋರನ್ನೂ ಬರೆದಿಡಿ: '2–3, ಖಾರ ಜಾಸ್ತಿ' ಅಂತಿದ್ದರೆ ಆ ಖಾರವನ್ನು ಎಷ್ಟು ನಂಬಬೇಕು ಅನ್ನುವುದು ಆಮೇಲೆ ನಿಮಗೇ ತಿಳಿಯುತ್ತದೆ.

ತಿಂಡಿ ಮ್ಯಾಚಿಗೆ ಮುಂಚೆ ಮುಗಿಯಲಿ. ಖಾರದ ಸಾಸ್ ಬಳಿದ ಚಿಕನ್ ವಿಂಗ್ಸ್ ತಿಂದ ಬಾಯಲ್ಲಿ ಮೊದಲ ಭಾಗದ ಮೃದು ರುಚಿಗಳು ಸಿಗುವುದೇ ಇಲ್ಲ. ಅರ್ಧ ಗಂಟೆ ಬಿಡುವು ಕೊಡಿ. ಊಟದ ಮೇಲೆ ಎಲೆ ಅಡಿಕೆ ಹಾಕಿದ್ದರಂತೂ ಅವತ್ತು ಅಂಕದ ಹಾಳೆ ಎತ್ತಿಡಿ. ಕುಡಿಯಲು ನೀರು ಅಥವಾ ಸೋಡ ಸಾಕು.

ಹೆಸರು ನೋಡಿ ಅಂಕ ಏರುವುದೂ ಉಂಟು. ಕೆನಡಾದ ಅಂಗಡಿಯ ಸಿಗಾರಿಗೆ ಬ್ಯಾಂಡ್ (ಹೆಸರಿರುವ ಕಾಗದದ ಉಂಗುರ) ಮಂಕು ಕಂದು ಬಣ್ಣದ್ದೇ ಇರುವುದರಿಂದ ಚಿನ್ನದ ಹೊಳಪಿನ ಮೋಹವೇನೋ ಇಲ್ಲ, ಆದರೂ ಹೆಸರು ಇರುತ್ತದೆ. ಕ್ಯೂಬಾದ್ದು ಅಲ್ಲಿ ಕಾನೂನುಬದ್ಧವಾಗಿ ಸಿಗುತ್ತದಲ್ಲ, 'ಕ್ಯೂಬಾ' ಅನ್ನುವ ಪದಕ್ಕೇ ಐದು ಅಂಕ ಹೋಗಿಬಿಡುತ್ತದೆ. ಬ್ಯಾಂಡಿನ ಮೇಲೆ ಕಾಗದದ ಪಟ್ಟಿ ಸುತ್ತಿಸಿ, ಬೇರೆಯವರ ಕೈಯಲ್ಲಿ ಆರಿಸಿಕೊಡಿಸಿ. ಬ್ಯಾಂಡನ್ನು ಮೊದಲೇ ಕಿತ್ತರೆ ಅಂಟಿನ ಜೊತೆ ರ‍್ಯಾಪರ್ ಹರಿಯಬಹುದು. ಕೆಂಡ ಹತ್ತಿರ ಬಂದು ಅಂಟು ಸಡಿಲವಾದ ಮೇಲೆ ತಾನೇ ಜಾರುತ್ತದೆ.

ನಿಮ್ಮ 91 ಮತ್ತು 78ರ ವಿಷಯಕ್ಕೆ ಬಂದರೆ, ಎರಡರ ಸರಾಸರಿ ತೆಗೆಯಬೇಡಿ. ಅದೇ ಡಬ್ಬಿಯ ಮೂರನೆಯದನ್ನು ಮ್ಯಾಚ್ ಇಲ್ಲದ ದಿನ, ಟಿವಿ ಆರಿಸಿ ಸೇದಿ. ಅದು ಯಾವ ಅಂಕದ ಹತ್ತಿರ ಬರುತ್ತದೋ ಅದನ್ನೇ ಇಟ್ಟುಕೊಳ್ಳಿ. ಪ್ಲೇಆಫ್ ಶುರುವಾದ ಮೇಲೆ ಸಮಬಲವಾದರೆ ಗೋಲು ಬೀಳುವವರೆಗೂ 20 ನಿಮಿಷದ ಓವರ್‌ಟೈಮ್ ಒಂದರ ಹಿಂದೆ ಒಂದು ನಡೆಯುತ್ತದೆ. ಆಗಿಗೆ ಅಂತ 42 ರಿಂಗ್ ಗೇಜಿನ ಸಣ್ಣ ಪೆಟಿಟ್ ಕೊರೊನಾ ಒಂದು ಪಕ್ಕಕ್ಕಿರಲಿ. ಅದಕ್ಕೆ ಅಂಕ ಹಾಕುವ ಗೋಜಿಗೆ ಹೋಗಬೇಡಿ.